ಆಕಾಶ ಬಂತು, ಮುಖ ಬರಲಿಲ್ಲ: ಬೀದಿ ಫೋಟೊದ ಒಂದು ಹಳೇ ಕಥೆ

ಜಾತ್ರೆಯಲ್ಲಿ ಮೊಬೈಲ್ ಎತ್ತಿ ತೇರಿನ ಫೋಟೊ ತೆಗೆದವರಿಗೆಲ್ಲ ಇದು ಗೊತ್ತಿರುತ್ತದೆ. ಆಕಾಶ ನೀಲಿಯಾಗಿ ಬರುತ್ತದೆ, ಬಾವುಟಗಳೂ ಬರುತ್ತವೆ. ಹಗ್ಗ ಹಿಡಿದು ಎಳೆಯುವವರ ಮುಖ ಮಾತ್ರ ಮಸಿ ಬಳಿದಂತೆ ಕಾಣುತ್ತದೆ. "ನಮ್ಮ ಬಣ್ಣಾನೇ ಹಂಗೆ" ಎಂದು ನಕ್ಕು ಸುಮ್ಮನಾಗುತ್ತೇವೆ. ಆದರೆ ಇದರಲ್ಲಿ ಬಣ್ಣದ ತಪ್ಪಿಗಿಂತ ಯಂತ್ರದ ತಪ್ಪು ದೊಡ್ಡದು. ಆ ತಪ್ಪಿಗೊಂದು ಚರಿತ್ರೆಯೂ ಇದೆ.

ಹಳೆಯ ಕ್ಯಾಮೆರಾದ ಬೆಳಕಿನ ಮೀಟರಿಗೆ ಯಾವುದು ಮುಖ, ಯಾವುದು ಗೋಡೆ ಎಂಬುದು ಗೊತ್ತಿರಲಿಲ್ಲ. ಎದುರಿಗಿದ್ದ ಬೆಳಕನ್ನೆಲ್ಲ ಒಟ್ಟುಗೂಡಿಸಿ, ಸರಾಸರಿ ನಡುಮಟ್ಟದ ಬೂದು ಬಣ್ಣ ಬರುವಷ್ಟು ಬೆಳಕು ಸಾಕು ಎಂದು ಅದು ಲೆಕ್ಕ ಹಾಕುತ್ತಿತ್ತು. ಸುಣ್ಣ ಬಳಿದ ಗೋಡೆಯ ಮುಂದೆ ಕಪ್ಪು ಮೈಬಣ್ಣದ ಒಬ್ಬರು ನಿಂತರೆ, ಗೋಡೆಯ ಬೆಳಕು ನೋಡಿಯೇ ಮೀಟರ್ ಬೆಳಕು ತಗ್ಗಿಸಿಬಿಡುತ್ತಿತ್ತು. ಗೋಡೆ ಬೂದಾಗುತ್ತಿತ್ತು, ಮುಖ ಕತ್ತಲಾಗುತ್ತಿತ್ತು.

ಅಗಲ ನೋಟದ ಲೆನ್ಸ್, ಅಂದರೆ ವೈಡ್ ಆ್ಯಂಗಲ್, ಹಾಕಿದರೆ ಈ ತೊಂದರೆ ಇನ್ನೂ ಹೆಚ್ಚು. ಬೀದಿಯಲ್ಲಿ ಫೋಟೊ ತೆಗೆಯುವವರು ರೀಲಿನ ಕಾಲದಿಂದಲೂ 35 ಎಂಎಂ, 28 ಎಂಎಂ ಲೆನ್ಸುಗಳನ್ನು ಮೆಚ್ಚಿಕೊಂಡವರು. ಕಾರಣ ಸರಳ. 28 ಎಂಎಂ ಲೆನ್ಸಿನ ಕಿಂಡಿಯನ್ನು ಎಫ್ 8ಕ್ಕೆ ಕಿರಿದು ಮಾಡಿ, ಫೋಕಸ್ಸನ್ನು ಹತ್ತು ಹನ್ನೊಂದು ಅಡಿಗೆ ಇಟ್ಟರೆ, ಸುಮಾರು ಐದೂವರೆ ಅಡಿಯಿಂದ ದೂರದ ಗುಡ್ಡದವರೆಗೆ ಎಲ್ಲವೂ ಸ್ಪಷ್ಟ. ಫೋಕಸ್ ತಿರುಗಿಸುತ್ತ ಕೂರಬೇಕಿಲ್ಲ, ಕಂಡ ಕೂಡಲೇ ಒತ್ತಬಹುದು. ಆದರೆ ಅಷ್ಟು ಅಗಲದ ಚೌಕಟ್ಟಿನೊಳಗೆ ಆಕಾಶವೂ ಧಾರಾಳವಾಗಿ ನುಗ್ಗುತ್ತದೆ. ಮೀಟರ್ ಆಕಾಶಕ್ಕೆ ಮರುಳಾಗುತ್ತದೆ. ಇಂದು ನಮ್ಮ ಕೈಯಲ್ಲಿರುವ ಮೊಬೈಲಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24ರಿಂದ 28 ಎಂಎಂಗೆ ಸಮ. ಗೊತ್ತಿಲ್ಲದೆಯೇ ನಾವೆಲ್ಲ ಅದೇ ಲೆನ್ಸ್ ಹಿಡಿದು ಓಡಾಡುತ್ತಿದ್ದೇವೆ.

ಕಪ್ಪುಬಿಳುಪು ರೀಲಿನಲ್ಲಿ ಇಂಥ ತಪ್ಪನ್ನು ಡಾರ್ಕ್‌ರೂಮಿನಲ್ಲಿ ಒಂದಿಷ್ಟು ಸರಿಪಡಿಸಬಹುದಿತ್ತು. ಮುಖದ ಭಾಗಕ್ಕೆ ಕೈ ಅಡ್ಡ ಹಿಡಿದು ಪ್ರಿಂಟಿನಲ್ಲಿ ಅದನ್ನು ತಿಳಿಯಾಗಿಸುತ್ತಿದ್ದರು. ಬಣ್ಣದ ಸ್ಲೈಡ್ ಫಿಲ್ಮಿನಲ್ಲಿ ಆ ಅವಕಾಶವಿರಲಿಲ್ಲ. ಕ್ಯಾಮೆರಾದೊಳಗಿದ್ದ ಫಿಲ್ಮೇ ತೊಳೆದ ಮೇಲೆ ಚಿತ್ರವಾಗುತ್ತಿತ್ತು. ಬೆಳಕು ಅರ್ಧ ಸ್ಟಾಪ್ ಹೆಚ್ಚುಕಡಿಮೆಯಾದರೂ ಕಣ್ಣಿಗೆ ಹೊಡೆಯುತ್ತಿತ್ತು.

ಈ ಸ್ಲೈಡ್‌ಗಳಲ್ಲಿ ಹೆಸರುವಾಸಿಯಾದದ್ದು ಕೊಡಾಕ್ ಕಂಪನಿಯ ಕೊಡಾಕ್ರೋಮ್. ಅದನ್ನು ಕಂಡುಹಿಡಿದ ಲಿಯೊಪೋಲ್ಡ್ ಮ್ಯಾನ್ಸ್ ಮತ್ತು ಲಿಯೊಪೋಲ್ಡ್ ಗೊಡೋಸ್ಕಿ ಇಬ್ಬರೂ ವೃತ್ತಿಯಿಂದ ಸಂಗೀತಗಾರರು! ಫಿಲ್ಮ್ ಮಾರುಕಟ್ಟೆಗೆ ಬಂದದ್ದು 1935ರಲ್ಲಿ. ಮೊದಲ ಫಿಲ್ಮಿನ ವೇಗ ಬರೀ 10ರ ಆಸುಪಾಸು. 1974ರಲ್ಲಿ ಕೊಡಾಕ್ರೋಮ್ 64 ಬಂದಾಗ ಸ್ವಲ್ಪ ಉಸಿರಾಡುವಂತಾಯಿತು. ಈ 64ರಲ್ಲಿ ಸುಡುಬಿಸಿಲಿಗೆ ಎಫ್ 8ರಲ್ಲಿ ಸೆಕೆಂಡಿನ 250ನೇ ಒಂದು ಭಾಗ ಸಾಕು. ಅದೇ ಮನುಷ್ಯ ಜಗಲಿಯ ನೆರಳಿಗೆ ಸರಿದರೆ ಸೆಕೆಂಡಿನ 30ನೇ ಒಂದು ಭಾಗ ಬೇಕು. ಅಷ್ಟು ಹೊತ್ತಿನಲ್ಲಿ ನಡೆಯುವವನ ಕೈಕಾಲು ಕಲಸಿಹೋಗುತ್ತದೆ. ಬಿಸಿಲಿನಲ್ಲೋ, ಕಣ್ಣು ಕುಳಿಯಲ್ಲಿ ಕತ್ತಲು. ಎರಡೂ ಕಡೆಯಿಂದ ಪೆಟ್ಟು.

ಈ ಕಷ್ಟದ ಫಿಲ್ಮನ್ನು ಹಿಡಿದು ಭಾರತದ ಬೀದಿಗಳಲ್ಲಿ ಮೂವತ್ತು ವರ್ಷ ಅಲೆದವರು ರಘುಬೀರ್ ಸಿಂಗ್. 1942ರಲ್ಲಿ ಜೈಪುರದಲ್ಲಿ ಹುಟ್ಟಿದವರು, 1999ರಲ್ಲಿ ತೀರಿಕೊಂಡರು. 1966ರಲ್ಲಿ ಜೈಪುರಕ್ಕೆ ಬಂದಿದ್ದ ಫ್ರಾನ್ಸಿನ ಹೆಸರಾಂತ ಫೋಟೊಗ್ರಾಫರ್ ಆನ್ರಿ ಕಾರ್ಟಿಯೇ ಬ್ರೆಸ್ಸಾನ್ ಕೆಲಸ ಮಾಡುವುದನ್ನು ಕಣ್ಣಾರೆ ಕಂಡಿದ್ದರು. ಬ್ರೆಸ್ಸಾನರ ನಂಬಿಕೆ ಕಪ್ಪುಬಿಳುಪಿನಲ್ಲಿ. ಆ ಕಾಲದಲ್ಲಿ ಕಲೆ ಎಂದರೆ ಅದೇ. ಬಣ್ಣವೆಂದರೆ ಜಾಹೀರಾತಿಗೆ, ಟೂರಿಸ್ಟರಿಗೆ ಎಂಬ ತಾತ್ಸಾರವಿತ್ತು. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರ ಹೆಸರಾದ ಚಿತ್ರಗಳೂ ಹೆಚ್ಚಿನವು ಕಪ್ಪುಬಿಳುಪಿನವೇ. ರಘುಬೀರ್ ಮಾತ್ರ ಬಣ್ಣ ಬಿಡಲಿಲ್ಲ. ಭಾರತದವರು ಲೋಕವನ್ನು ತಿಳಿಯುವುದೇ ಬಣ್ಣದ ಮೂಲಕ ಎಂಬುದು ಅವರ ವಾದ. 1998ರಲ್ಲಿ ಬಂದ ತಮ್ಮ 'ರಿವರ್ ಆಫ್ ಕಲರ್' ಪುಸ್ತಕದಲ್ಲಿ ಅದನ್ನು ಬರೆದೂ ಇಟ್ಟರು. ಎಲ್ಲ ಭಾರತೀಯರನ್ನೂ ಒಂದೇ ಮಾತಿನಲ್ಲಿ ಕಟ್ಟಿಹಾಕುವ ಆ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಚಿತ್ರಗಳ ಬಗ್ಗೆ ತಕರಾರಿಲ್ಲ.

1967ರಲ್ಲಿ ಬಿಹಾರದ ಮುಂಗೇರ್‌ನಲ್ಲಿ ತೆಗೆದ ಅವರ ಒಂದು ಚಿತ್ರ ನೋಡಿ. ಮುಂಗಾರಿನ ಮಳೆ. ನಾಲ್ವರು ಹೆಂಗಸರು ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದಾರೆ, ಸೀರೆ ಒದ್ದೆಯಾಗಿ ಮೈಗಂಟಿದೆ. ಇಲ್ಲಿ ಬೆಳಕಿನ ಕೆಲಸ ಮಾಡಿದ್ದು ಮೋಡ. ಮೋಡ ಕವಿದಾಗ ಆಕಾಶವೇ ಒಂದು ದೊಡ್ಡ ಬಿಳಿ ಬಟ್ಟೆಯಾಗಿ ಬೆಳಕನ್ನು ಎಲ್ಲೆಡೆ ಸಮನಾಗಿ ಇಳಿಸುತ್ತದೆ. ಕಡುನೆರಳಿಲ್ಲ. ಸ್ಲೈಡ್ ಫಿಲ್ಮ್ ತಾಳಿಕೊಳ್ಳುವಷ್ಟೇ ಏರಿಳಿತ. ಬಿಸಿಲಿದ್ದರೆ ಫೋಟೊ ಚೆನ್ನ ಎನ್ನುವವರು ಇದನ್ನು ನೋಡಬೇಕು.

ಇನ್ನು ಪ್ರಿಂಟಿನ ಕಡೆಗೆ ಬರೋಣ, ಏಕೆಂದರೆ ಮದುವೆ ಆಲ್ಬಂ, ಶಾಲೆಯ ಗ್ರೂಪ್ ಫೋಟೊ ಎಲ್ಲ ಬಂದದ್ದು ನೆಗೆಟಿವ್‌ನಿಂದ ತೆಗೆದ ಪ್ರಿಂಟಿನಲ್ಲಿ. 1950ರ ದಶಕದಿಂದ ಕೊಡಾಕ್ ಬಣ್ಣದ ಲ್ಯಾಬುಗಳಿಗೆ ಒಂದು ಮಾದರಿ ಕಾರ್ಡ್ ಕಳಿಸುತ್ತಿತ್ತು. ಅದರ ಮೇಲೆ ಬಿಳಿ ಮೈಬಣ್ಣದ ಹೆಂಗಸಿನ ಚಿತ್ರ. ಲ್ಯಾಬಿನವರು ಅದನ್ನು 'ಶರ್ಲಿ ಕಾರ್ಡ್' ಎಂದು ಕರೆಯುತ್ತಿದ್ದರು. ಆಕೆಯ ಮುಖ ಸರಿಯಾಗಿ ಬಂದರೆ ಯಂತ್ರ ಸರಿಯಾಗಿದೆ ಎಂದರ್ಥ. ಕಪ್ಪು ಮಗು, ಬಿಳಿ ಮಗು ಒಂದೇ ಬೆಂಚಿನಲ್ಲಿ ಕೂತ ಶಾಲಾ ಫೋಟೊದಲ್ಲಿ ಕಪ್ಪು ಮಗುವಿನ ಕಣ್ಣು, ಹಲ್ಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ತಾಯಂದಿರು ದೂರಿದರು.

ಕೆನಡಾದ ಪ್ರಾಧ್ಯಾಪಕಿ ಲೋರ್ನಾ ರಾತ್ ಈ ಬಗ್ಗೆ ಕೊಡಾಕ್‌ನಲ್ಲಿ ದುಡಿದವರನ್ನೇ ಮಾತಾಡಿಸಿ 2009ರಲ್ಲಿ ಬರೆದರು. ಫಿಲ್ಮ್ ಸುಧಾರಿಸುವಂತೆ ಕಂಪನಿಯ ಮೇಲೆ ಒತ್ತಡ ತಂದವರಲ್ಲಿ ಚಾಕೊಲೇಟ್ ಕಂಪನಿಗಳೂ ಮರದ ಪೀಠೋಪಕರಣ ಮಾರುವವರೂ ಇದ್ದರಂತೆ. ಬಗೆಬಗೆಯ ಚಾಕೊಲೇಟಿನ ಕಂದು, ಬಗೆಬಗೆಯ ಮರದ ಕಂದು ಬೇರೆಬೇರೆಯಾಗಿ ಕಾಣುತ್ತಿಲ್ಲ ಎಂಬುದು ಅವರ ದೂರು. ಮಕ್ಕಳ ಮುಖಕ್ಕಿಂತ ಮೇಜು ಕುರ್ಚಿಯ ಮಾತಿಗೆ ಬೇಗ ಕಿವಿಗೊಟ್ಟರು ಎಂದು ಓದಿದಾಗ ಹೊಟ್ಟೆ ಉರಿಯುತ್ತದೆ. ಬೇರೆಬೇರೆ ಮೈಬಣ್ಣದ ಹೆಂಗಸರಿರುವ ಕಾರ್ಡ್ ಬರುವಷ್ಟರಲ್ಲಿ 1990ರ ದಶಕ ಬಂದಿತ್ತು.

2009ರಲ್ಲಿ ಕೊಡಾಕ್ರೋಮ್ ತಯಾರಿಕೆ ನಿಂತಿತು. ಈಗಿನ ಮೊಬೈಲ್ ಒಂದು ಸಲ ಒತ್ತಿದರೆ ಹಲವು ಚಿತ್ರ ತೆಗೆದು, ಆಕಾಶಕ್ಕೊಂದು ಮುಖಕ್ಕೊಂದು ಬೆಳಕು ಜೋಡಿಸುತ್ತದೆ. ಕಪ್ಪು ಮೈಬಣ್ಣ ಸರಿಯಾಗಿ ಬರುವಂತೆ ಮಾಡಿದ್ದೇವೆ ಎಂದು ಗೂಗಲ್ 2021ರಲ್ಲಿ ತನ್ನ ಪಿಕ್ಸೆಲ್ 6 ಫೋನಿನ ಜೊತೆ ಪ್ರಚಾರ ಮಾಡಿತು. ಇನ್ನೊಂದು ಕಡೆ, ಎಷ್ಟೋ ಫೋನುಗಳ 'ಬ್ಯೂಟಿ' ಸೆಟ್ಟಿಂಗ್ ನಮ್ಮನ್ನು ಕೇಳದೆಯೇ ಮುಖವನ್ನು ಬೆಳ್ಳಗೆ ಮಾಡುತ್ತದೆ. ಮೊದಲು ಕತ್ತಲಲ್ಲಿ ಮುಳುಗುತ್ತಿದ್ದ ಮುಖ ಈಗ ಪೌಡರಿನಲ್ಲಿ ಮುಳುಗುತ್ತಿದೆ.

ಮುಂದಿನ ಜಾತ್ರೆಗೆ ಮೊದಲು ಅದನ್ನು ಆಫ್ ಮಾಡಿ. ಪರದೆಯ ಮೇಲೆ ಹಗ್ಗ ಹಿಡಿದವರ ಮುಖವನ್ನೇ ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಮೇಲಕ್ಕೆ ಎಳೆಯಿರಿ. ಆಕಾಶ ಬಿಳಿಚಿಕೊಂಡರೆ ಬಿಳಿಚಿಕೊಳ್ಳಲಿ. ಲೆನ್ಸ್ ಅಗಲದ್ದು, ಆದ್ದರಿಂದ ಝೂಮ್ ಮಾಡಬೇಡಿ, ನಾಲ್ಕು ಹೆಜ್ಜೆ ಹತ್ತಿರ ಹೋಗಿ, ಅಲ್ಲಿರುವವರನ್ನು ಒಂದು ಮಾತು ಕೇಳಿ. ಅಂಚಿನಲ್ಲಿ ಯಾರ ಮುಖವನ್ನೂ ಇಡಬೇಡಿ, ಅಲ್ಲಿ ಅದು ಸೋರೆಕಾಯಿಯಂತೆ ಉದ್ದವಾಗುತ್ತದೆ.