ಜ್ಯೋತಿ ಭಟ್ ಅವರ ಛಾಯಾಗ್ರಹಣ: ಪ್ರಯೋಗ ಮತ್ತು ದಾಖಲೆ

ಅಂಗಳದ ರಂಗೋಲಿ ಮರುದಿನದ ಕಸಬರಿಗೆಗೆ ಅಳಿದುಹೋಗುತ್ತದೆ. ಮಣ್ಣಿನ ಗೋಡೆಯ ಚಿತ್ತಾರ ಮುಂದಿನ ಸಾರಣೆಯವರೆಗೆ ಮಾತ್ರ ಉಳಿಯುತ್ತದೆ. ಅಳಿವೇ ಸ್ವಭಾವವಾದ ಇಂತಹ ಕಲೆಗೆ ದಾಖಲೆ ಎಂದರೇನು ಎಂಬ ಪ್ರಶ್ನೆಯನ್ನು ಜಾನಪದ ವಿದ್ವಾಂಸರಾದ ನಮಗಿಂತ ತೀವ್ರವಾಗಿ ಎದುರಿಸಿದವರು ಬರೋಡದ ಕಲಾ ಪ್ರಾಧ್ಯಾಪಕರಾದ ಜ್ಯೋತಿ ಭಟ್ ಅವರು.

1934ರಲ್ಲಿ ಗುಜರಾತಿನ ಭಾವನಗರದಲ್ಲಿ ಜನಿಸಿದ ಭಟ್ ಅವರು ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಎನ್.ಎಸ್. ಬೇಂದ್ರೆ ಮತ್ತು ಕೆ.ಜಿ. ಸುಬ್ರಮಣ್ಯನ್ ಅವರಲ್ಲಿ ಚಿತ್ರಕಲೆ ಕಲಿತರು. ಬಳಿಕ ನೇಪಲ್ಸ್ ಹಾಗೂ ನ್ಯೂಯಾರ್ಕ್‌ನಲ್ಲಿ ಅಧ್ಯಯನ ನಡೆಸಿ, ಲೋಹದ ತಗಡನ್ನು ಕೊರೆದು ಅಚ್ಚೊತ್ತುವ ಇಂಟಾಗ್ಲಿಯೋ ವಿಧಾನದಲ್ಲಿ ಪರಿಣತಿ ಪಡೆದು 1966ರಲ್ಲಿ ಬರೋಡಕ್ಕೆ ಮರಳಿದರು. ತಾವು ಕಲಿತ ಸಂಸ್ಥೆಯಲ್ಲಿಯೇ ದೀರ್ಘಕಾಲ ಬೋಧಿಸಿದರು.

1960ರ ದಶಕದ ಕೊನೆಯಲ್ಲಿ ಗುಜರಾತಿನ ಜನಪದ ಕಲೆ ಕುರಿತ ವಿಚಾರಸಂಕಿರಣವೊಂದಕ್ಕೆ ಛಾಯಾಚಿತ್ರ ಒದಗಿಸುವ ಕೆಲಸ ಅವರಿಗೆ ಬಂದಿತು. ಸಂಕಿರಣ ಮುಗಿದರೂ ಆ ಕೆಲಸ ಮುಗಿಯಲಿಲ್ಲ. ರಾಠ್ವಾ ಸಮುದಾಯದ ಪಿಠೋರಾ, ರಾಜಸ್ಥಾನದ ಮಾಂಡಣಾ, ರಂಗೋಲಿ, ಹಚ್ಚೆ ಇವುಗಳನ್ನು ಅರಸಿ ಅವರು ದಶಕಗಳ ಕಾಲ ಹಳ್ಳಿಗಳನ್ನು ಸುತ್ತಿದರು. ಅವರ ಚಿತ್ರಗಳಲ್ಲಿ ಗೋಡೆ ಒಂಟಿಯಾಗಿ ಕಾಣುವುದು ವಿರಳ. ಬಾಗಿಲು, ಮಡಕೆ, ಮಗು, ಗೋಡೆಗೆ ಒರಗಿ ನಿಂತ ಹೆಂಗಸು ಎಲ್ಲವೂ ಒಂದೇ ಚೌಕಟ್ಟಿನೊಳಗೆ ಬರುತ್ತವೆ. ಮಲೆನಾಡಿನ ದೀವರ ಹಸೆ ಚಿತ್ತಾರವನ್ನು ಸಂಗ್ರಹಿಸುವಾಗ ವಿನ್ಯಾಸವನ್ನಷ್ಟೇ ಕಾಗದಕ್ಕೆ ನಕಲಿಸಿಕೊಳ್ಳುವ ರೂಢಿ ನಮ್ಮಲ್ಲಿದೆ. ನಾನೂ ಹಾಗೆ ಮಾಡಿದ್ದುಂಟು. ಎಳೆಗಳೇನೋ ಉಳಿದವು, ಬರೆದ ಕೈ ಯಾರದು, ಯಾವ ಗೋಡೆಯದು ಎಂಬುದು ನನ್ನ ಟಿಪ್ಪಣಿಯಲ್ಲಿ ಉಳಿಯಲಿಲ್ಲ.

ಇದೇ ಭಟ್ ಅವರು ಕತ್ತಲಕೋಣೆಯಲ್ಲಿ ಒಂದೇ ಮುದ್ರಣದ ಮೇಲೆ ಹಲವು ಬಿಂಬಗಳನ್ನು ಮೂಡಿಸಿದರು, ಬಿಂಬಕ್ಕೆ ಪ್ರತಿಬಿಂಬ ಜೋಡಿಸಿದರು. ಇದನ್ನು ಪ್ರಯೋಗವೆಂದೂ ಹಳ್ಳಿಯ ಚಿತ್ರಗಳನ್ನು ಶುದ್ಧ ದಾಖಲೆಯೆಂದೂ ವಿಂಗಡಿಸುವುದು ಸರಿಯೆನಿಸದು. ಸೀರೆಯ ವಿನ್ಯಾಸವು ಗೋಡೆಯ ವಿನ್ಯಾಸಕ್ಕೆ ಉತ್ತರ ಕೊಡುವಂತೆ ಚೌಕಟ್ಟು ಹಾಕಿದ್ದು ಅಚ್ಚುಕಲಾವಿದನ ಕಣ್ಣೇ. ಹೀಗಾಗಿ ಅವರ ದಾಖಲೆಯನ್ನು ಓದುವಾಗ ಆ ಆಯ್ಕೆಯನ್ನೂ ಓದಬೇಕಾಗುತ್ತದೆ. ಕ್ಯಾಮೆರಾವನ್ನು ನೇರವಾಗಿ ನೋಡುವ ಹೆಂಗಸು ಹೊರಗಿನವನೊಬ್ಬ ಅಂಗಳಕ್ಕೆ ಬಂದ ಗಳಿಗೆಗೂ ಸಾಕ್ಷಿ. ಇನ್ನೊಂದೆಡೆ, ಹಳ್ಳಿಯಲ್ಲಿ ಕಂಡ ವಿನ್ಯಾಸಗಳು ಅವರ ಅಚ್ಚುಚಿತ್ರಗಳ ನವಿಲು, ಗಿಳಿಗಳ ನಡುವೆ ಮತ್ತೆ ಕಾಣಿಸಿಕೊಂಡವು.

ಬರೋಡದ ತಮ್ಮ ಗುರುಗಳು, ಸಹೋದ್ಯೋಗಿಗಳು, ವಿದ್ಯಾರ್ಥಿಗಳನ್ನೂ ಅವರು ಇದೇ ಶ್ರದ್ಧೆಯಿಂದ ಚಿತ್ರಿಸಿದರು. 2019ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. 2023ರಲ್ಲಿ ಬೆಂಗಳೂರಿನ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ತನ್ನ ಕಟ್ಟಡದ ಬಾಗಿಲು ತೆರೆದಾಗ ಅವರ ಛಾಯಾಚಿತ್ರಗಳ ಪ್ರದರ್ಶನವನ್ನೂ ಏರ್ಪಡಿಸಿತ್ತು.