ಕಸ್ತೂರಬಾ ರಸ್ತೆಯಿಂದ ಕುಮಾರಕೃಪಾ ರಸ್ತೆಗೆ

ಸ್ಪೇನ್ ದೇಶದ ಪ್ರವಾಸದಲ್ಲಿದ್ದ ನನ್ನ ಸೋದರಳಿಯ ಕಳೆದ ತಿಂಗಳು ಬಿಲ್ಬಾವೊ ಎಂಬ ಊರಿನಿಂದ ಒಂದು ಛಾಯಾಚಿತ್ರ ಕಳುಹಿಸಿದ್ದ. ನದಿಯ ದಂಡೆಯಲ್ಲಿ ಬೆಳ್ಳಿಯ ಮೀನೊಂದು ಮಗ್ಗುಲು ಬದಲಿಸುತ್ತಿರುವಂತೆ ಕಾಣುವ ಕಟ್ಟಡ. ಗುಗೆನ್‌ಹೈಮ್ ಕಲಾಸಂಗ್ರಹಾಲಯವಂತೆ. ಕೆಳಗೆ ಬರೆದಿದ್ದ: "ಮಾವ, ಈ ಒಂದು ಕಟ್ಟಡದಿಂದ ಊರಿಗೆ ಊರೇ ಬದಲಾಯಿತಂತೆ. ನಮ್ಮ ಬೆಂಗಳೂರಿಗೆ ಇಂಥದ್ದು ಯಾಕಿಲ್ಲ?" ಇಂಥ ಪ್ರಶ್ನೆಗೆ ನಾನು ಒಂದು ಸಾಲಿನಲ್ಲಿ ಉತ್ತರಿಸುವವನಲ್ಲವೆಂಬುದು ನನ್ನ ಸಮಾಜವಿಜ್ಞಾನದ ತರಗತಿಗಳಲ್ಲಿ ಕುಳಿತಿದ್ದ ನಿಮಗೆಲ್ಲ ಗೊತ್ತೇ ಇದೆ.

ಬಿಲ್ಬಾವೊ ಉಕ್ಕಿನ ಊರು, ಹಡಗು ಕಟ್ಟುವವರ ಊರು. 1980ರ ದಶಕದಲ್ಲಿ ಆ ಎರಡು ಕಸುಬುಗಳೂ ಕುಸಿದವು. ಅದರ ಮೇಲೆ 1983ರಲ್ಲಿ ಭಾರಿ ಪ್ರವಾಹ. ನಿರುದ್ಯೋಗದಿಂದ ಕಂಗೆಟ್ಟ ಆ ಊರಿನಲ್ಲಿ ಬಾಸ್ಕ್ ಪ್ರಾಂತ್ಯದ ಸರ್ಕಾರ ತನ್ನ ಹಣ ಸುರಿದು, ಫ್ರಾಂಕ್ ಗೆರಿ ಎಂಬ ವಾಸ್ತುಶಿಲ್ಪಿಯಿಂದ ಕಟ್ಟಿಸಿದ ಈ ಸಂಗ್ರಹಾಲಯ 1997ರ ಅಕ್ಟೋಬರಿನಲ್ಲಿ ಬಾಗಿಲು ತೆರೆಯಿತು. ಮೊದಲ ವರ್ಷವೇ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಂದರು. ಹೋಟೆಲುಗಳೆದ್ದವು, ಹೆಸರು ಕೇಳದಿದ್ದ ಊರನ್ನು ಜಗತ್ತು ಗುರುತಿಸಿತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆದರೆ ಅದೇ ಕಾಲದಲ್ಲಿ ಆ ಊರು ಕೊಳೆತ ನದಿಯನ್ನು ಶುದ್ಧಗೊಳಿಸಿತು, 1995ರಲ್ಲಿ ಮೆಟ್ರೊ ರೈಲು ಓಡಿಸಿತು, ಬಂದರನ್ನು ಸಮುದ್ರದ ಕಡೆಗೆ ಸರಿಸಿತು ಎಂಬುದನ್ನು ಮರೆಯುತ್ತಾರೆ. ಕಿರೀಟವನ್ನು ನೋಡಿದವರು ತಲೆಯನ್ನು ಮರೆತಂತೆ! ಇನ್ನೊಂದು ಸಂಗತಿಯಿದೆ. ಅಲ್ಲಿನ ಹಿರಿಯ ಶಿಲ್ಪಿ ಹೊರ್ಹೆ ಒತೇಸಾ ಈ ಯೋಜನೆಯನ್ನು ಕಟುವಾಗಿ ವಿರೋಧಿಸಿದ್ದರು. ನಮ್ಮ ಕಥೆಗೆ ಬಂದಾಗ ಇದು ಉಪಯೋಗಕ್ಕೆ ಬರುತ್ತದೆ.

ಬೆಂಗಳೂರಿಗೆ ಸಂಗ್ರಹಾಲಯ ಹೊಸದಲ್ಲ. ಮದರಾಸಿನಲ್ಲಿ ಮ್ಯೂಸಿಯಂ ಕಟ್ಟಿ ಅನುಭವವಿದ್ದ ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯರ ಪ್ರಯತ್ನದಿಂದ, ಬೌರಿಂಗ್ ಕಮಿಷನರ್ ಆಗಿದ್ದಾಗ, 1865ರಲ್ಲಿ ದಂಡು ಪ್ರದೇಶದಲ್ಲಿ ಅದು ಆರಂಭವಾಯಿತು. ಮುಂದೆ ಕಬ್ಬನ್ ಉದ್ಯಾನದ ಅಂಚಿನ ಕೆಂಪು ಕಟ್ಟಡಕ್ಕೆ ಹೋಯಿತು. ಹಳೆಯ ಜಾಗದಲ್ಲಿ ಉಳಿದದ್ದು 'ಮ್ಯೂಸಿಯಂ ರಸ್ತೆ' ಎಂಬ ಹೆಸರು ಮಾತ್ರ.

ಆ ಕೆಂಪು ಕಟ್ಟಡಕ್ಕೆ ದೊಡ್ಡಬಳ್ಳಾಪುರದಿಂದ ನಿಮ್ಮನ್ನೆಲ್ಲ ಬಸ್ಸಿನಲ್ಲಿ ತುಂಬಿಕೊಂಡು ಹೋಗುತ್ತಿದ್ದುದು ನೆನಪಿದೆಯೇ? ಎಲ್ಲರೂ ಓಡುತ್ತಿದ್ದುದು ಆತಕೂರಿನ ಕಲ್ಲಿನ ಬಳಿಗೆ. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನು ಒಡೆಯನಾದ ಬೂತುಗನಿಂದ ಬಹುಮಾನವಾಗಿ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, 'ಕಾಳಿ' ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಕಾದಾಡಿ, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ರಾಷ್ಟ್ರಕೂಟರ ವಂಶಾವಳಿ ಮರೆತವರೂ ಕಾಳಿಯನ್ನು ಮರೆತಿರಲಾರಿರಿ.

ಪಕ್ಕದಲ್ಲೇ ವೆಂಕಟಪ್ಪ ಕಲಾಗ್ಯಾಲರಿ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಕಲಿತು, ಮೈಸೂರು ಆಸ್ಥಾನದಲ್ಲಿ ಚಿತ್ರ ಬರೆದು, ನಡುವೆ ವೀಣೆಯನ್ನೂ ಸಾಧಿಸಿದ ಕೆ. ವೆಂಕಟಪ್ಪನವರು 1965ರಲ್ಲಿ ತೀರಿಕೊಂಡರು. ಅವರ ಊಟಿ, ಕೊಡೈಕನಾಲ್ ಜಲವರ್ಣಗಳನ್ನು ಇಡಲೆಂದು ಎಪ್ಪತ್ತರ ದಶಕದಲ್ಲಿ ಸಿದ್ಧವಾದ ಈ ಸರ್ಕಾರಿ ಗ್ಯಾಲರಿಗೆ ಒಂದು ವಿಶೇಷವಿತ್ತು. ಯಾವ ಬಡ ಕಲಾವಿದನೂ ಅಲ್ಪ ಬಾಡಿಗೆ ಕೊಟ್ಟು ತನ್ನ ಪ್ರದರ್ಶನ ನಡೆಸಬಹುದಿತ್ತು. 2015ರಲ್ಲಿ ಸರ್ಕಾರ ಈ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡುವ ಒಪ್ಪಂದ ಮಾಡಿಕೊಂಡಿತು. ಭವ್ಯವಾದ ಸಂಗ್ರಹಾಲಯವಾಗುತ್ತದೆ, ನಗರಕ್ಕೆ ಹೆಸರು ಬರುತ್ತದೆ ಎಂಬುದು ಒಂದು ವಾದ. ಇದು ಸಾರ್ವಜನಿಕರ ಜಾಗ, ಇಲ್ಲಿಂದ ನಮ್ಮನ್ನು ಹೊರಗೆ ಕಳುಹಿಸಬೇಡಿ ಎಂಬುದು ಕಲಾವಿದರ ವಾದ. 2016ರಲ್ಲಿ ಅವರು ಬೀದಿಗಿಳಿದರು. ಕೊನೆಗೆ ಆ ಯೋಜನೆ ಕೈಬಿಟ್ಟುಹೋಯಿತು.

ಆಗ ಪತ್ರಿಕೆಯಲ್ಲಿ ಸುದ್ದಿ ಓದಿ ನಾನು, "ಒಳ್ಳೆಯದಾಗುವುದನ್ನು ಯಾಕೆ ತಡೆಯುತ್ತಾರೋ" ಎಂದು ಗೊಣಗಿದ್ದೆ. ಈಗ ಹಾಗೆನ್ನಲಾರೆ. ಏಕೆಂದರೆ ಕಲಾವಿದರ ಮಾತು ಉಳಿಯಿತು, ಸಂಗ್ರಹಾಲಯವೂ ಬಂತು. ಸಂಗ್ರಾಹಕ ಅಭಿಷೇಕ್ ಪೋದ್ದಾರರು ಅದೇ ಕಸ್ತೂರಬಾ ರಸ್ತೆಯಲ್ಲಿ ಬೇರೆ ಜಾಗದಲ್ಲಿ 'ಮ್ಯಾಪ್' ಎಂಬ ಕಲೆ ಮತ್ತು ಛಾಯಾಚಿತ್ರಗಳ ಸಂಗ್ರಹಾಲಯ ಕಟ್ಟಿಸಿದರು. 2023ರ ಫೆಬ್ರವರಿಯಲ್ಲಿ ಅದು ತೆರೆಯಿತು. ಹೊರಗೋಡೆಗೆ ಲೋಹದ ಹಲಗೆ ಹೊದಿಸಿದ ಆ ಕಟ್ಟಡ ದೊಡ್ಡ ನೀರಿನ ತೊಟ್ಟಿಯಂತೆ ಕಾಣುತ್ತದೆ. ನೀರಿಗೆ ಪರದಾಡುವ ಊರಿಗೆ ತಕ್ಕ ರೂಪವೇ ಸರಿ. ಹೋಗಿ ನೋಡಿದೆ, ಮೆಚ್ಚಿದೆ. ಆದರೆ ಅದರಿಂದ ಬೆಂಗಳೂರಿನ ಆರ್ಥಿಕತೆ ಬದಲಾಗಲಿಲ್ಲ, ಬದಲಾಗಬೇಕಾಗಿಯೂ ಇರಲಿಲ್ಲ. ಬಿಲ್ಬಾವೊ ಕಸುಬು ಕಳೆದುಕೊಂಡಿತ್ತು. ಬೆಂಗಳೂರಿಗೆ ಕಸುಬಿನ ಕೊರತೆಯಿಲ್ಲ, ಮಂಕಾಗುತ್ತಿರುವುದು ಅದರ ಚಹರೆ.

ಕಲೆಯಿಂದ ನಿಜವಾಗಿ ಹಣ ಕೈಬದಲಾಗುವುದನ್ನು ನಾನು ಕಂಡದ್ದು ಬೇರೊಂದು ರಸ್ತೆಯಲ್ಲಿ. ಎಂ.ಎಸ್. ನಂಜುಂಡರಾವ್ ಅವರು 1960ರಿಂದ ಕಟ್ಟಿ ಬೆಳೆಸಿದ ಕರ್ನಾಟಕ ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿದೆ. ಹಳ್ಳಿಹಳ್ಳಿ ಅಲೆದು ಅವರು ಸಂಗ್ರಹಿಸಿದ ತೊಗಲುಗೊಂಬೆಗಳು, ಮೈಸೂರು ಶೈಲಿಯ ಚಿತ್ರಗಳು, ರೋರಿಕ್‌ರ ಚಿತ್ರಗಳು ಅಲ್ಲಿವೆ. ಎರಡು ದಶಕಗಳಿಂದ ಪ್ರತಿ ವರ್ಷ ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ ಈ ಸಂಗ್ರಹಾಲಯ ಬಾಗಿಲು ದಾಟಿ ಬೀದಿಗೆ ಬರುತ್ತದೆ. ಅದೇ ಚಿತ್ರಸಂತೆ. ವಾಹನಗಳನ್ನು ತಡೆದ ರಸ್ತೆಯುದ್ದಕ್ಕೂ ನಾನಾ ರಾಜ್ಯಗಳ ಸಾವಿರಕ್ಕೂ ಮಿಕ್ಕ ಕಲಾವಿದರು ಕೂರುತ್ತಾರೆ. ಲಕ್ಷಾಂತರ ಜನ ಬರುತ್ತಾರೆ. ನೂರು ರೂಪಾಯಿಯ ಚಿತ್ರವೂ ಇದೆ, ಲಕ್ಷದ ಚಿತ್ರವೂ ಇದೆ. ಸಂತೆ ಎಂಬ ಹೆಸರಿಟ್ಟವರಿಗೆ ನಮಸ್ಕಾರ. ಸಂತೆಗೆ ಹೋಗಲು ಹಳ್ಳಿಯವನಿಗೆ ಸಂಕೋಚವಿಲ್ಲ.

ಕೆಲವು ವರ್ಷಗಳ ಹಿಂದೆ ಆ ಜನಜಂಗುಳಿಯಲ್ಲಿ "ಮೇಷ್ಟ್ರೇ" ಎಂಬ ಕೂಗು ಕೇಳಿ ತಿರುಗಿದೆ. ನಮ್ಮ ನೇಕಾರರ ಬೀದಿಯ ಹುಡುಗ. ಹೆಸರು ಹೇಳುವುದಿಲ್ಲ, ನಿಮ್ಮಲ್ಲಿ ಕೆಲವರಿಗೆ ತಿಳಿಯುತ್ತದೆ. ಒಂಬತ್ತನೆಯ ತರಗತಿಯಲ್ಲಿ ಇತಿಹಾಸದ ನೋಟುಪುಸ್ತಕದ ತುಂಬ ಚಿತ್ರ ಬರೆದಿದ್ದಕ್ಕೆ ಅದನ್ನು ಕಸಿದುಕೊಂಡು, ಅವನ ತಂದೆಯನ್ನು ಕರೆಸಿ, "ಇದು ಅನ್ನ ಕೊಡುವ ವಿದ್ಯೆಯಲ್ಲ" ಎಂದಿದ್ದವನು ನಾನೇ. ಅವನು ವಾರವಿಡೀ ಸೀರೆಯಂಚಿಗೆ ಗ್ರಾಫ್ ಹಾಳೆಯ ಮೇಲೆ ನಕ್ಷೆ ಬರೆಯುತ್ತಾನೆ. ರಾತ್ರಿ ತನ್ನ ಚಿತ್ರ ಬರೆಯುತ್ತಾನೆ. ಅಂದು ಮಧ್ಯಾಹ್ನದೊಳಗೆ ನಾಲ್ಕು ಚಿತ್ರ ಮಾರಾಟವಾಗಿದ್ದವು. ಒಂದರಲ್ಲಿ ಅವನ ಮನೆಯ ಗುಳಿಮಗ್ಗವಿತ್ತು. ಬೆಲೆ ಕೇಳಿದೆ. "ನಿಮಗೆ ದುಡ್ಡಿಗೆ ಕೊಡೋದಿಲ್ಲ ಮೇಷ್ಟ್ರೇ" ಎಂದ. ಆ ಕಸಿದುಕೊಂಡ ನೋಟುಪುಸ್ತಕದ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅಳಿಯನ ಪ್ರಶ್ನೆಗೆ ಮರಳುತ್ತೇನೆ. ಬಿಲ್ಬಾವೊವನ್ನು ಹೋಲುವ ಊರು ಬೆಂಗಳೂರಲ್ಲ, ನಮ್ಮ ದೊಡ್ಡಬಳ್ಳಾಪುರ. ಸೂರತ್ತಿನ ಅಗ್ಗದ ಸೀರೆಯ ಪೈಪೋಟಿಯಲ್ಲಿ ನಮ್ಮ ಮಗ್ಗಗಳು ಸೊರಗುತ್ತಿವೆ. ನಾನು ನಡೆದು ಹೋಗುವ ಬೀದಿಗಳಲ್ಲಿ ಲಟಕ್ ಪಟಕ್ ಸದ್ದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. 2008ರಲ್ಲಿ ಆರಂಭವಾದ ದೇವನಹಳ್ಳಿಯ ವಿಮಾನ ನಿಲ್ದಾಣ ಇಲ್ಲಿಂದ ದೂರವೇನಿಲ್ಲ. ಬಿದಿರಿನ ಚಾವಣಿಯ ಅದರ ಎರಡನೆಯ ಟರ್ಮಿನಲ್ಲಿನಲ್ಲಿ ಕಲಾಕೃತಿಗಳನ್ನೂ ಜೋಡಿಸಿದ್ದಾರೆ. ಅಲ್ಲಿ ಇಳಿದವರು ನೇರವಾಗಿ ನಗರದ ಕಡೆಗೆ ಹೋಗಿಬಿಡುತ್ತಾರೆ. ನಮ್ಮ ಊರಿನಲ್ಲಿ ಹಳೆಯ ನೇಯ್ಗೆ ಮನೆಯೊಂದನ್ನು ಉಳಿಸಿ, ಗುಳಿಮಗ್ಗದಿಂದ ಜಕಾರ್ಡಿನವರೆಗೆ ಸಾಲಾಗಿ ಇಟ್ಟು, ನೇಯುವವರೇ ವಿವರಿಸುವಂತೆ ಮಾಡಿ, ಅಂಗಳದಲ್ಲಿ ಸೀರೆ ಮಾರಿದರೆ ನಾಲ್ಕು ಬಸ್ಸು ಜನರಾದರೂ ಬಾರರೇ? ಅದಕ್ಕೆ ಬೆಳ್ಳಿಯ ಮೀನು ಬೇಕಿಲ್ಲ. ಆದರೆ ಬಿಲ್ಬಾವೊ ತನ್ನ ನದಿಯನ್ನು ಮೊದಲು ತೊಳೆದಂತೆ, ನಾವೂ ಮೊದಲು ನೇಕಾರರಿಗೆ ನೂಲು ಮತ್ತು ಮಾರುಕಟ್ಟೆಯ ದಾರಿ ನೋಡಬೇಕು. ಮಗ್ಗ ನಿಂತ ಮೇಲೆ ಸಂಗ್ರಹಾಲಯ ತೆರೆದರೆ ಅದು ವೀರಗಲ್ಲಿನಂತೆ ಆದೀತು.

ಇದನ್ನೆಲ್ಲ ಅಳಿಯನಿಗೂ ಬರೆದು ಕಳುಹಿಸಿದ್ದೇನೆ. ಜನವರಿಯಲ್ಲಿ ಊರಿಗೆ ಬರುತ್ತಾನಂತೆ. ಚಿತ್ರಸಂತೆಯ ದಿನ ಬೆಳಗಿನ ಏಳರ ಬಸ್ಸಿಗೇ ಹೊರಡಬೇಕೆಂದು ಈಗಲೇ ಹೇಳಿಟ್ಟಿದ್ದೇನೆ; ಹತ್ತು ಗಂಟೆಯ ಮೇಲೆ ಹೋದರೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ.