ಟೂ-ಸ್ಟ್ರೋಕ್ ಬೈಕುಗಳ ಮರುಜೋಡಣೆ

ತಯಾರಿಕೆ ನಿಂತು ದಶಕಗಳಾದ ಟೂ-ಸ್ಟ್ರೋಕ್ ಬೈಕುಗಳನ್ನು ಹುಡುಕಿ ತಂದು, ನಟ್ಟು ಬೋಲ್ಟು ಸಮೇತ ಬಿಚ್ಚಿ, ಸವೆದದ್ದನ್ನು ಬದಲಿಸಿ ಮತ್ತೆ ರಸ್ತೆಗಿಳಿಸುವ ಕಸುಬು ಮತ್ತು ಹವ್ಯಾಸ. ಗ್ಯಾರೇಜುಗಳಲ್ಲಿ ಇದರ ಹೆಸರು ‘ರೆಸ್ಟೋರೇಷನ್’. ಭಾರತದಲ್ಲಿ ಈ ಬೈಕುಗಳ ದೊಡ್ಡ ತವರುಗಳಲ್ಲಿ ಎರಡು ಇವು: ಒಂದು ಮೈಸೂರು, ಇನ್ನೊಂದು ದೆಹಲಿಗೆ ಅಂಟಿಕೊಂಡ ಫರೀದಾಬಾದ್ ಮತ್ತು ಸೂರಜ್‌ಪುರ. ಇಂದು ಮೈಸೂರಿನ ಬೈಕು ಮೈಸೂರಿನಲ್ಲಿ ಓಡುತ್ತದೆ, ದೆಹಲಿಯ ಬೈಕು ದೆಹಲಿಯಲ್ಲಿ ಓಡುವಂತಿಲ್ಲ. ಈ ವ್ಯತ್ಯಾಸಕ್ಕೂ ಇಂಜಿನ್ನಿಗೂ ಸಂಬಂಧವಿಲ್ಲ, ಅದು ಕಾಗದಪತ್ರದ ವಿಷಯ.

ಮೈಸೂರಿನ ಯಾದವಗಿರಿಯಲ್ಲಿ ರುಸ್ತುಂ ಇರಾನಿ ಅವರ ಐಡಿಯಲ್ ಜಾವಾ ಕಾರ್ಖಾನೆ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು 1961ರಲ್ಲಿ ಬೈಕು ತಯಾರಿಸತೊಡಗಿತು. ಅದನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. 1973ರಿಂದ ಟ್ಯಾಂಕಿನ ಮೇಲೆ ಜಾವಾ ಹೋಗಿ ಯೆಜ್ಡಿ ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಉತ್ತರದಲ್ಲಿ ಎಸ್ಕಾರ್ಟ್ಸ್ ಕಂಪನಿ ಪೋಲೆಂಡಿನ ಎಸ್‌ಎಚ್‌ಎಲ್ ಮಾದರಿಯಿಂದ ರಾಜ್‌ದೂತ್ 175 ಮಾಡಿತು. ಆಮೇಲೆ ಯಮಹಾ ಜೊತೆ ಕೈಜೋಡಿಸಿ 1983ರಲ್ಲಿ ರಾಜ್‌ದೂತ್ 350, 1985ರ ಕೊನೆಗೆ ಆರ್‌ಎಕ್ಸ್ 100 ತಂದಿತು. ಜಪಾನ್ 1970ರ ದಶಕದಲ್ಲೇ ಕೈಬಿಟ್ಟಿದ್ದ ಆರ್‌ಡಿ 350 ನಮ್ಮಲ್ಲಿ ರಾಜ್‌ದೂತ್ 350 ಎಂಬ ಹೊಸ ಬೈಕಾಗಿ ಬಂದದ್ದು ಸುಮಾರು ಹತ್ತು ವರ್ಷ ತಡವಾಗಿ. ಪೆಟ್ರೋಲ್ ಕುಡಿಯುತ್ತದೆಂದು ಆಗ ದೂರ ಇಟ್ಟವರ ಮಕ್ಕಳೇ ಈಗ ಅದನ್ನು ಹುಡುಕುತ್ತಿದ್ದಾರೆ. 98 ಸಿಸಿಯಿಂದ 11 ಅಶ್ವಶಕ್ತಿ ಹೊರಡಿಸುತ್ತಿದ್ದ, ನೂರು ಕಿಲೋ ಆಸುಪಾಸಿನ ಹಗುರ ಮೈಯ ಆರ್‌ಎಕ್ಸ್ 100ಕ್ಕೆ ಮಾತ್ರ ಬೇಡಿಕೆ ಯಾವತ್ತೂ ಕುಸಿದದ್ದಿಲ್ಲ.

ಹುಡುಕಾಟ

ಒಳ್ಳೆಯ ಬೈಕು ಜಾಹೀರಾತಿನಲ್ಲಿ ಸಿಗುವುದು ಕಡಿಮೆ. ತೋಟದ ಮನೆಯ ಪಂಪ್‌ಶೆಡ್ಡು, ತೀರಿಕೊಂಡ ಅಜ್ಜನ ಹಿತ್ತಿಲು, ಹಳೆ ಮೆಕ್ಯಾನಿಕ್ ಅಂಗಡಿಯ ಹಿಂಬದಿ, ಸಿಗುವ ಜಾಗಗಳು ಇವು. ಹೊಳೆಯುವ ಬೈಕಿಗಿಂತ ಧೂಳು ಹಿಡಿದು ಪೂರ್ತಿ ಇರುವ ಬೈಕು ಲೇಸು. ಹೊಸ ಬಣ್ಣ ಬಳಿದ ಬೈಕಿನಲ್ಲಿ ಏನು ಮುಚ್ಚಿಟ್ಟಿದ್ದಾರೆಂದು ಬಿಚ್ಚುವ ತನಕ ತಿಳಿಯದು. ಪಿಸ್ಟನ್, ಕ್ಲಚ್ ಪ್ಲೇಟು, ಚೈನು ಹೇಗಾದರೂ ಸಿಗುತ್ತವೆ. ಯೆಜ್ಡಿಯ ಟೂಲ್‌ಬಾಕ್ಸ್ ಮುಚ್ಚಳ, ಜಾವಾದ ಟ್ಯಾಂಕ್ ಪಕ್ಕದ ಕ್ರೋಮ್ ಭಾಗ, ಅಸಲಿ ಸ್ಪೀಡೋಮೀಟರ್ ಕಳೆದಿದ್ದರೆ ತಿಂಗಳುಗಟ್ಟಲೆ ಗುಜರಿ ಅಂಗಡಿ ಅಲೆಯಬೇಕು.

ನೋಡಬೇಕಾದ ಮೊದಲ ವಸ್ತು ಇಂಜಿನ್ ಅಲ್ಲ, ಆರ್‌ಸಿ ಪುಸ್ತಕ. ಹ್ಯಾಂಡಲ್ ಕೆಳಗಿನ ಚಾಸಿ ನಂಬರು, ಇಂಜಿನ್ ಮೇಲೆ ಕೊರೆದ ನಂಬರು ಎರಡನ್ನೂ ಬಟ್ಟೆಯಲ್ಲಿ ಒರೆಸಿ, ಪುಸ್ತಕದ ಅಂಕಿಗೆ ಒಂದೊಂದಾಗಿ ತಾಳೆ ನೋಡಬೇಕು. ಒಂದು ಅಂಕಿ ಉಜ್ಜಿ ಮತ್ತೆ ಹೊಡೆದಂತೆ ಕಂಡರೆ ಅಲ್ಲಿಂದ ಎದ್ದು ಬರುವುದೇ ವಿವೇಕ. ಮಾಲೀಕರು ಬದುಕಿದ್ದರೆ 29 ಮತ್ತು 30ನೇ ನಮೂನೆಗಳಲ್ಲಿ ಹೆಸರು ಬದಲಾಗುತ್ತದೆ. ತೀರಿಕೊಂಡಿದ್ದರೆ 31ನೇ ನಮೂನೆಯಲ್ಲಿ ಮೊದಲು ವಾರಸುದಾರರ ಹೆಸರಿಗೆ ಬರಬೇಕು, ಮಾರಾಟ ಆಮೇಲೆ. ‘ಪೇಪರ್ ಆಮೇಲೆ ಮಾಡಿಸಿಕೊಳ್ಳಿ’ ಎನ್ನುವವನ ಬೈಕು ಎಷ್ಟು ಅಗ್ಗವಾದರೂ ದುಬಾರಿ.

ಇಂಜಿನ್ ಕೆಲಸ

ಟೂ-ಸ್ಟ್ರೋಕ್ ಇಂಜಿನ್ನಿನಲ್ಲಿ ಪಿಸ್ಟನ್ ಒಮ್ಮೆ ಮೇಲೇರಿ ಕೆಳಗಿಳಿದರೆ ಒಂದು ಚಕ್ರ ಮುಗಿಯಿತು. ಫೋರ್-ಸ್ಟ್ರೋಕ್‌ನಲ್ಲಿರುವ ವಾಲ್ವು, ಕ್ಯಾಮು, ಟ್ಯಾಪೆಟ್ಟು ಇದರಲ್ಲಿಲ್ಲ. ಬ್ಲಾಕಿನ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚುತ್ತ ತೆರೆಯುತ್ತ ಹೋಗುತ್ತದೆ. ಪೆಟ್ರೋಲ್ ಮತ್ತು ಗಾಳಿ ಮೊದಲು ಬರುವುದು ಕೆಳಗಿನ ಕ್ರ್ಯಾಂಕ್ ಕೇಸಿಗೆ. ಅಲ್ಲಿ ಒತ್ತಿಸಿಕೊಂಡು ಆಮೇಲೆ ಮೇಲೇರುತ್ತದೆ. ಕ್ರ್ಯಾಂಕ್ ಕೇಸು ಹೀಗೆ ಪಂಪಿನ ಕೆಲಸವನ್ನೂ ಮಾಡುವುದರಿಂದ ಅದರಲ್ಲಿ ಎಲ್ಲೂ ಗಾಳಿ ಸೋರಬಾರದು. ಹೊರನೋಟಕ್ಕೆ ಮರುಳಾದವರು ಮರೆಯುವುದು ಇದನ್ನೇ.

ಜಾವಾದ ಕ್ರ್ಯಾಂಕಿಗೆ ಎಡಕ್ಕೊಂದು, ಬಲಕ್ಕೊಂದು ರಬ್ಬರ್ ಆಯಿಲ್ ಸೀಲ್. ಎಡಬದಿಯ, ಅಂದರೆ ಕ್ಲಚ್ ಕಡೆಯ ಸೀಲ್ ಗಟ್ಟಿಯಾಗಿ ಸೀಳಿದರೆ ಗೇರ್ ಆಯಿಲ್ ಒಳಕ್ಕೆ ಎಳೆದುಕೊಂಡು ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲುವುದೇ ಇಲ್ಲ. ಬಲಬದಿಯ ಡೈನಮೋ ಕಡೆಯದು ಹೋದರೆ ಬರೀ ಗಾಳಿ ನುಗ್ಗುತ್ತದೆ. ಮಿಶ್ರಣ ತೆಳುವಾಗಿ, ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಕೂಗುತ್ತಲೇ ಇರುತ್ತದೆ. ಪೆಟ್ರೋಲಿನ ಜೊತೆ ಬರುವ ಎಣ್ಣೆಯೇ ಪಿಸ್ಟನ್ನನ್ನು ಸಲೀಸಾಗಿ ಜಾರಿಸುವುದು. ಅದು ಕಡಿಮೆಯಾಗಿ ಶಾಖ ಏರಿದರೆ ಅಲ್ಯುಮಿನಿಯಂ ಪಿಸ್ಟನ್ ಹಿಗ್ಗಿ ಬ್ಲಾಕಿಗೆ ಕಚ್ಚಿಕೊಳ್ಳುತ್ತದೆ. ಮೆಕ್ಯಾನಿಕ್ ಭಾಷೆಯಲ್ಲಿ ‘ಸೀಜ್’. ಹೊಸ ಪಿಸ್ಟನ್ ಹಾಕಿ ಹಳೆ ಸೀಲ್ ಉಳಿಸಿ ಎರಡು ನೂರು ರೂಪಾಯಿ ಮಿಗಿಸಿದವನು ಅದೇ ಬ್ಲಾಕನ್ನು ಮತ್ತೆ ಲೇತ್‌ಗೆ ಹೊತ್ತೊಯ್ಯುವುದು ಖಚಿತ.

ಸವೆದ ಬ್ಲಾಕನ್ನು ಕಾಲು ಮಿಲಿಮೀಟರ್ ಹೆಚ್ಚಿಸಿ ಬೋರ್ ಮಾಡಿಸಿ, ಆ ಅಳತೆಯ ಓವರ್‌ಸೈಜ್ ಪಿಸ್ಟನ್ ಕೂರಿಸುತ್ತಾರೆ. ಹಳೆ ಪಿಸ್ಟನ್ ತಲೆಯ ಮಸಿ ಕೆರೆದರೆ 0.50 ಅಥವಾ 0.75 ಎಂದು ಕೊರೆದದ್ದು ಕಾಣುತ್ತದೆ. ಬೈಕು ಹಿಂದೆ ಎಷ್ಟು ಸಲ ಬೋರ್ ಕಂಡಿದೆ, ಇನ್ನೆಷ್ಟು ಸಲಕ್ಕೆ ಜಾಗ ಉಳಿದಿದೆ ಎಂಬ ಜಾತಕವೇ ಅದು. ಕ್ರ್ಯಾಂಕ್ ಬೇರಿಂಗ್ ಬದಲಿಸುವುದು ಇನ್ನೂ ಸೂಕ್ಷ್ಮ. ಎರಡು ಚಕ್ರಗಳ ನಡುವೆ ಪಿನ್ನನ್ನು ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿದ ಜೋಡಣೆಯದು. ಮತ್ತೆ ಒತ್ತಿದ ಮೇಲೆ ಲೇತ್ ಮೇಲೆ ತಿರುಗಿಸಿ, ಡಯಲ್ ಗೇಜಿನ ಮುಳ್ಳು ಅಲುಗದಂತೆ ತಾಮ್ರದ ಸುತ್ತಿಗೆಯಿಂದ ತಟ್ಟಿ ತಟ್ಟಿ ನೇರ ಮಾಡಬೇಕು. ಈ ಕೈ ಇರುವ ಹಳಬರು ಕಡಿಮೆಯಾಗುತ್ತಿದ್ದಾರೆ.

ಜಾವಾ-ಯೆಜ್ಡಿಗಳದ್ದೇ ಒಂದು ವಿಶೇಷವೆಂದರೆ ಗೇರು ಮತ್ತು ಕಿಕ್ಕರಿಗೆ ಒಂದೇ ಲಿವರ್. ಎಡಗಾಲಿನಿಂದ ಅದನ್ನು ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್. ಇಂಜಿನ್ ಶುರುವಾದ ಮೇಲೆ ಕೆಳಗಿಳಿಸಿದರೆ ಅದೇ ಗೇರ್ ಲಿವರ್. ಗೇರ್ ಹಾಕುವಾಗ ಆ ಲಿವರೇ ಒಳಗಿಂದ ಕ್ಲಚ್ಚನ್ನೂ ಬಿಡಿಸುವುದರಿಂದ ಬಲ್ಲವರು ಕೈ ಕ್ಲಚ್ ಹಿಡಿಯದೆಯೇ ಓಡಿಸುತ್ತಾರೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇರುವುದೂ ಈ ಮನೆತನದ ಗುರುತು. ಅವುಗಳ ಒಳಗೆ ಎಣ್ಣೆಯ ಮಸಿ ಕಟ್ಟಿದರೆ ಬೈಕು ಏರಿನಲ್ಲಿ ಉಸಿರು ಕಟ್ಟುತ್ತದೆ. ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಹಾಕಿ ತೊಳೆಯುವುದು ರೂಢಿ.

ದೆಹಲಿಯ ತೊಡಕು

ಕೋಚಿಂಗ್‌ಗೆಂದು ದೆಹಲಿಗೆ ಬಂದು ಮುಖರ್ಜಿ ನಗರದ ಕೋಣೆಯಲ್ಲಿ ಉಳಿದ ಕನ್ನಡದ ಹುಡುಗನಿಗೆ ಆರ್‌ಎಕ್ಸ್ ಆಸೆ ಹುಟ್ಟಿದರೆ ಬಿಡಿಭಾಗ ಹತ್ತಿರ, ರಸ್ತೆ ದೂರ. ಪಕ್ಕದ ಜಿಟಿಬಿ ನಗರ ನಿಲ್ದಾಣದಲ್ಲಿ ಹಳದಿ ಮೆಟ್ರೋ ಹತ್ತಿದರೆ ನಾಲ್ಕನೆಯ ನಿಲ್ದಾಣವೇ ಕಾಶ್ಮೀರಿ ಗೇಟ್, ವಾಹನ ಬಿಡಿಭಾಗಗಳ ದೊಡ್ಡ ಪೇಟೆ. ಕರೋಲ್ ಬಾಗ್‌ನ ಗಲ್ಲಿಗಳು ಬೈಕುಗಳಿಗೇ ಮೀಸಲು, ಮಾಯಾಪುರಿ ಗುಜರಿಯ ರಾಜಧಾನಿ.

ಆದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 15 ವರ್ಷ ಮೀರಿದ ಪೆಟ್ರೋಲ್ ವಾಹನಗಳನ್ನು ಇಲ್ಲಿನ ರಸ್ತೆಯಿಂದ ದೂರವಿಡಲು ಆದೇಶಿಸಿತು. ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ರಾಜಧಾನಿ ವಲಯಕ್ಕೆಲ್ಲ ಖಾಯಂ ಮಾಡಿತು. ಟೂ-ಸ್ಟ್ರೋಕ್ ಮೇಲೆ ದೆಹಲಿಯ ಸಿಟ್ಟು ಅದಕ್ಕೂ ಹಳೆಯದು: ಬಂಕ್‌ಗಳಲ್ಲಿ ಬಿಡಿಯಾಗಿ 2ಟಿ ಎಣ್ಣೆ ಸುರಿಯುವುದನ್ನು ನಿಲ್ಲಿಸಿ, ಅಳತೆಯಲ್ಲಿ ಬೆರೆಸಿದ್ದನ್ನೇ ಕೊಡುವ ಕ್ರಮ 1998ರ ಕೊನೆಗೇ ಬಂದಿತ್ತು. ಸಿಟ್ಟು ಸುಳ್ಳೂ ಅಲ್ಲ. ಹೊಗೆ ಹೊರಹೋಗುವ ಕಿಂಡಿ ತೆರೆದಿರುವಾಗಲೇ ಹೊಸ ಮಿಶ್ರಣ ಒಳಬರುವುದರಿಂದ ಸ್ವಲ್ಪ ಪೆಟ್ರೋಲ್ ಉರಿಯದೆ ಗಾಳಿಪಾಲಾಗುವುದು ಈ ಇಂಜಿನ್ನಿನ ಹುಟ್ಟುಗುಣ.

2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ 50 ವರ್ಷ ಮೀರಿದ ವಾಹನಗಳಿಗೆ ‘ವಿಂಟೇಜ್’ ನೋಂದಣಿ ತಂದಿತು. ಹೊಸ ನೋಂದಣಿಗೆ 20,000 ರೂ. ಶುಲ್ಕ, ಫಲಕದಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಗುರುತು. ಪ್ರದರ್ಶನಕ್ಕೆ, ರ್‍ಯಾಲಿಗೆ, ಪೆಟ್ರೋಲಿಗೆ, ರಿಪೇರಿಗೆ ಓಡಿಸಬಹುದು, ದಿನನಿತ್ಯಕ್ಕಿಲ್ಲ. 1960ರ ದಶಕದ ಜಾವಾಗಳಿಗೆ ಇದು ವರ. ಮೊದಲ ಆರ್‌ಎಕ್ಸ್ 100ಗಳಿಗೆ 50 ತುಂಬುವುದು 2035ರಲ್ಲಿ. ಹದಿನೈದು ದಾಟಿ ಐವತ್ತು ಮುಟ್ಟದ ಈ ನಡುವಯಸ್ಸಿನವಕ್ಕೆ, ತಾವು ಹುಟ್ಟಿದ ಊರಿನ ಸುತ್ತಲೇ ಜಾಗವಿಲ್ಲ.

ಹಾಗಾಗಿ 28ನೇ ನಮೂನೆಯಲ್ಲಿ ಎನ್‌ಒಸಿ ಪಡೆದು ಬೇರೆ ರಾಜ್ಯಕ್ಕೆ ಸಾಗಿಸುವುದು ಉಳಿದ ದಾರಿ. ಕರ್ನಾಟಕದಲ್ಲಿ ಹದಿನೈದು ದಾಟಿದ ಸ್ವಂತ ಬಳಕೆಯ ಬೈಕಿಗೆ ತಪಾಸಣೆ ಮಾಡಿಸಿ, ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಳ್ಳಬಹುದು. ಟ್ಯಾಂಕ್ ಪೂರ್ತಿ ಬರಿದು ಮಾಡಿ, ಹ್ಯಾಂಡಲಿಗೂ ಹೆಡ್‌ಲೈಟಿಗೂ ಗೋಣಿತಾಟು ಸುತ್ತಿ, ಮೇಲೆ ವಿಳಾಸ ಬರೆದು ಕರ್ನಾಟಕ ಎಕ್ಸ್‌ಪ್ರೆಸ್‌ನ ಪಾರ್ಸೆಲ್ ಬೋಗಿಗೆ ಹಾಕಿದರೆ, ಬೈಕು ಬೆಂಗಳೂರು ಸೇರುತ್ತದೆ.